ಪುಟ್ಟ ಕ್ರಾಸೋವರ್ ಕೊಳ್ಳುವ ಮುನ್ನ: ಯಾವ ಎಂಜಿನ್, ಯಾವ ವೇರಿಯಂಟ್?

ಮಧ್ಯಮ ವರ್ಗದ ಕುಟುಂಬವೊಂದು ಯಾವ ಕಾರು ಕೊಳ್ಳಬೇಕೆಂದು ತಿಂಗಳುಗಟ್ಟಲೆ ಚರ್ಚಿಸುತ್ತದೆ. ಆದರೆ ಅದೇ ಕಾರಿನ ಯಾವ ವೇರಿಯಂಟ್ ಬೇಕೆಂಬುದು ಷೋರೂಮಿನ ಮೇಜಿನ ಮುಂದೆ, ಕಾಫಿ ಕುಡಿದು ಮುಗಿಸುವಷ್ಟರಲ್ಲಿ ತೀರ್ಮಾನವಾಗಿಬಿಡುತ್ತದೆ. ಒಂದೇ ಹೆಸರಿನ ಕಾರಿನ ಆರಂಭಿಕ ಹಾಗೂ ಅತ್ಯುನ್ನತ ವೇರಿಯಂಟ್‌ಗಳ ನಡುವೆ ಐದಾರು ಲಕ್ಷ ರೂಪಾಯಿಗಳ ಅಂತರವಿರುವಾಗ, ಅವಸರದ ಈ ಅರ್ಧ ಗಂಟೆ ಮುಂದಿನ ಐದು ವರ್ಷಗಳ ಮಾಸಿಕ ಕಂತನ್ನು ನಿರ್ಧರಿಸುತ್ತದೆ.

ನಾಲ್ಕು ಮೀಟರ್‌ಗಿಂತ ಕಡಿಮೆ ಉದ್ದದ, ಹ್ಯಾಚ್‌ಬ್ಯಾಕ್ ಕಾರಿನ ತಳಹದಿಯ ಮೇಲೆಯೇ ತುಸು ಎತ್ತರಿಸಿ ನಿರ್ಮಿಸಿದ ಕ್ರಾಸೋವರ್‌ಗಳ ವಿಭಾಗದಲ್ಲಿ ಈ ಗೊಂದಲ ಹೆಚ್ಚು. ಎರಡು ಅಥವಾ ಮೂರು ಎಂಜಿನ್, ಮೂರು ಬಗೆಯ ಗೇರ್‌ಬಾಕ್ಸ್, ಐದಾರು ದರ್ಜೆಯ ಸೌಲಭ್ಯಗಳು ಸೇರಿ ಒಂದೇ ಕಾರಿಗೆ ಹದಿನೈದಕ್ಕೂ ಹೆಚ್ಚು ಬೆಲೆಗಳು ಹುಟ್ಟಿಕೊಳ್ಳುತ್ತವೆ. ಈ ಲೇಖನದಲ್ಲಿ ಮಾರುತಿ ಸುಜುಕಿಯ ಫ್ರಾಂಕ್ಸ್ ಕಾರನ್ನು ಉದಾಹರಣೆಯಾಗಿ ಆರಿಸಿಕೊಳ್ಳಲಾಗಿದೆ. ಇದು ಆ ಕಾರಿನ ಶಿಫಾರಸಲ್ಲ. ಸಾಧಾರಣ ಪೆಟ್ರೋಲ್, ಟರ್ಬೊ ಪೆಟ್ರೋಲ್, ಸಿಎನ್‌ಜಿ, ಎಎಂಟಿ, ಪೂರ್ಣ ಆಟೋಮ್ಯಾಟಿಕ್ ಹೀಗೆ ಈ ವಿಭಾಗದ ಬಹುತೇಕ ಆಯ್ಕೆಗಳು ಒಂದೇ ಕಾರಿನಲ್ಲಿ ದೊರೆಯುವುದರಿಂದ ಹೋಲಿಕೆ ಸುಲಭ ಎಂಬುದಷ್ಟೇ ಕಾರಣ. ಇಲ್ಲಿ ಹೇಳಿರುವ ಲೆಕ್ಕವನ್ನು ವೆನ್ಯೂ, ಸೋನೆಟ್, ನೆಕ್ಸಾನ್, ಎಕ್ಸ್‌ಯುವಿ 3ಎಕ್ಸ್‌ಒ, ಕೈಲಾಕ್ ಯಾವುದಕ್ಕೆ ಬೇಕಾದರೂ ಅನ್ವಯಿಸಿಕೊಳ್ಳಬಹುದು.

ನಾಲ್ಕು ಮೀಟರ್‌ನ ಗುಟ್ಟು

ಈ ಕಾರುಗಳೆಲ್ಲ 3995 ಮಿಲಿಮೀಟರ್ ಆಸುಪಾಸಿನಲ್ಲೇ ನಿಂತುಹೋಗಿರುವುದು ಆಕಸ್ಮಿಕವಲ್ಲ. 2006ರ ಕೇಂದ್ರ ಬಜೆಟ್‌ನಲ್ಲಿ ಆಗಿನ ಹಣಕಾಸು ಸಚಿವ ಪಿ. ಚಿದಂಬರಂ ಸಣ್ಣ ಕಾರುಗಳ ಅಬಕಾರಿ ಸುಂಕವನ್ನು ಶೇ. 24ರಿಂದ ಶೇ. 16ಕ್ಕೆ ಇಳಿಸಿದರು. ಉದ್ದ 4000 ಮಿ.ಮೀ. ಮೀರಬಾರದು, ಪೆಟ್ರೋಲ್ ಎಂಜಿನ್ 1200 ಸಿಸಿ ಹಾಗೂ ಡೀಸೆಲ್ ಎಂಜಿನ್ 1500 ಸಿಸಿ ದಾಟಬಾರದು ಎಂಬ ಷರತ್ತು ಅಂದು ಬಂದದ್ದು. 2017ರಲ್ಲಿ ಜಿಎಸ್‌ಟಿ ಬಂದಾಗಲೂ ಅದೇ ಗಡಿ ಉಳಿಯಿತು. 2025ರ ಸೆಪ್ಟೆಂಬರ್ 22ರಿಂದ ಈ ಗಡಿಯೊಳಗಿನ ಕಾರುಗಳಿಗೆ ಶೇ. 18, ಗಡಿ ದಾಟಿದವಕ್ಕೆ ಶೇ. 40 ಜಿಎಸ್‌ಟಿ ಜಾರಿಯಾಯಿತು.

ಎಂಜಿನ್ ಆಯ್ಕೆಗೂ ಇದಕ್ಕೂ ನೇರ ಸಂಬಂಧವಿದೆ. ಫ್ರಾಂಕ್ಸ್‌ನ ಎರಡೂ ಎಂಜಿನ್‌ಗಳು, ಅಂದರೆ 1197 ಸಿಸಿಯ ಸಾಧಾರಣ ಎಂಜಿನ್ ಮತ್ತು 998 ಸಿಸಿಯ ಟರ್ಬೊ ಎಂಜಿನ್, ಗಡಿಯೊಳಗೇ ಇವೆ. ಅದೇ ಕಂಪನಿ 2022ರಲ್ಲಿ ತಂದ ಬ್ರೆಝಾ ಉದ್ದದಲ್ಲಿ ಅಷ್ಟೇ ಇದ್ದರೂ ಅದರ ಪೆಟ್ರೋಲ್ ಎಂಜಿನ್ 1462 ಸಿಸಿಯದು. ಹೀಗಾಗಿ ಅದು ಮೇಲಿನ ತೆರಿಗೆಯ ಪಾಲಾಯಿತು. ಕಂಪನಿಗಳು ಪುಟ್ಟ ಎಂಜಿನ್ನಿಗೆ ಟರ್ಬೊ ಜೋಡಿಸಿ ಶಕ್ತಿ ಹೆಚ್ಚಿಸುವುದರ ಹಿಂದೆ ತಂತ್ರಜ್ಞಾನದಷ್ಟೇ ತೆರಿಗೆಯ ಲೆಕ್ಕಾಚಾರವೂ ಇದೆ.

ಹತ್ತು ಲಕ್ಷದ ಗೆರೆ

ಕರ್ನಾಟಕದ ಗ್ರಾಹಕರು ಎಂಜಿನ್‌ಗಿಂತಲೂ ಮೊದಲು ನೋಡಬೇಕಾದದ್ದು ಇನ್ನೊಂದು ಗೆರೆಯನ್ನು. ದೇಶದಲ್ಲೇ ಅತಿ ಹೆಚ್ಚು ರಸ್ತೆ ತೆರಿಗೆ ವಿಧಿಸುವ ರಾಜ್ಯಗಳಲ್ಲಿ ನಮ್ಮದೂ ಒಂದು. ಕಾರಿನ ಬೆಲೆ 5 ಲಕ್ಷದಿಂದ 10 ಲಕ್ಷ ರೂ. ಒಳಗಿದ್ದರೆ ಜೀವಾವಧಿ ತೆರಿಗೆ ಶೇ. 14, 10 ಲಕ್ಷ ದಾಟಿದೊಡನೆ ಶೇ. 17, 20 ಲಕ್ಷ ದಾಟಿದರೆ ಶೇ. 18. ಇದರ ಮೇಲೆ, ತೆರಿಗೆಯ ಮೊತ್ತಕ್ಕೆ ಶೇ. 11ರಷ್ಟು ಉಪಕರ ಬೇರೆ. ಉಪಕರ ಸೇರಿಸಿದರೆ ಹತ್ತು ಲಕ್ಷದೊಳಗಿನ ಕಾರಿಗೆ ಶೇ. 15.54, ಅದರ ಮೇಲಿನದಕ್ಕೆ ಶೇ. 18.87 ಆಗುತ್ತದೆ.

ಆದಾಯ ತೆರಿಗೆಯಲ್ಲಾದರೆ ಮಿತಿ ದಾಟಿದ ಭಾಗಕ್ಕೆ ಮಾತ್ರ ಹೆಚ್ಚಿನ ದರ ಅನ್ವಯಿಸುತ್ತದೆ. ಇಲ್ಲಿ ಹಾಗಲ್ಲ, ಇಡೀ ಬೆಲೆಗೇ ಹೊಸ ದರ ಬೀಳುತ್ತದೆ. 9.95 ಲಕ್ಷ ರೂ. ಎಕ್ಸ್‌-ಷೋರೂಂ ಬೆಲೆಯ ವೇರಿಯಂಟಿಗೆ ತೆರಿಗೆ ಸುಮಾರು 1.55 ಲಕ್ಷ ರೂ. 10.05 ಲಕ್ಷದ ವೇರಿಯಂಟಿಗೆ ಸುಮಾರು 1.90 ಲಕ್ಷ ರೂ. ಅಂದರೆ ಷೋರೂಂ ಬೆಲೆಯಲ್ಲಿ ಹತ್ತು ಸಾವಿರದ ವ್ಯತ್ಯಾಸ, ಕೈಯಿಂದ ಹೋಗುವುದು ನಲವತ್ತೈದು ಸಾವಿರ. ಇದಲ್ಲದೆ ಹತ್ತು ಲಕ್ಷ ಮೀರಿದ ಕಾರಿಗೆ ಮಾರಾಟದ ಹಂತದಲ್ಲೇ ಶೇ. 1ರಷ್ಟು ಆದಾಯ ತೆರಿಗೆಯನ್ನು ಸಂಗ್ರಹಿಸುತ್ತಾರೆ. ಇದು ಮುಂದೆ ರಿಟರ್ನ್ಸ್ ಸಲ್ಲಿಸುವಾಗ ಹೊಂದಾಣಿಕೆಯಾಗುತ್ತದಾದರೂ ಅಂದಿನ ದಿನಕ್ಕೆ ಜೇಬಿನಿಂದ ಹೋಗುವ ಹಣವೇ.

"ಇನ್ನು ಕೇವಲ ಇಷ್ಟು ಸೇರಿಸಿದರೆ ಮೇಲಿನ ವೇರಿಯಂಟ್ ಬರುತ್ತದೆ ಸರ್" ಎಂದು ಷೋರೂಮಿನಲ್ಲಿ ಹೇಳುವ ಮಾತು ಎಕ್ಸ್‌-ಷೋರೂಂ ಬೆಲೆಯ ಮಾತು. ಬೆಂಗಳೂರಿನಲ್ಲಿ ಅದರ ಅರ್ಥವೇ ಬೇರೆ.

ಫ್ರಾಂಕ್ಸ್ 2023ರ ಏಪ್ರಿಲ್‌ನಲ್ಲಿ ಬಿಡುಗಡೆಯಾದಾಗಿನ ಬೆಲೆಪಟ್ಟಿ ಇದಕ್ಕೆ ಒಳ್ಳೆಯ ನಿದರ್ಶನ. ಟರ್ಬೊ ಎಂಜಿನ್, ಮ್ಯಾನ್ಯುಯಲ್ ಗೇರಿನ ಡೆಲ್ಟಾ ಪ್ಲಸ್‌ಗೆ 9.72 ಲಕ್ಷ ರೂ.; ಅದರ ಮೇಲಿನ ಝೀಟಾಗೆ 10.55 ಲಕ್ಷ ರೂ. ಪಟ್ಟಿಯ ಪ್ರಕಾರ ಅಂತರ 83 ಸಾವಿರ. ಕರ್ನಾಟಕದ ತೆರಿಗೆ ಸೇರಿದಾಗ ಅದು 1.31 ಲಕ್ಷ ರೂ. ಆಗುತ್ತಿತ್ತು. ಆ ಹೆಚ್ಚುವರಿ ಮೊತ್ತವನ್ನೂ ಸಾಲದಲ್ಲೇ ಪಡೆದು ಶೇ. 9ರ ಬಡ್ಡಿಯಲ್ಲಿ ಐದು ವರ್ಷ ತೀರಿಸಿದರೆ ತಿಂಗಳಿಗೆ ಸುಮಾರು 2,700 ರೂ. ಹೆಚ್ಚುವರಿ ಕಂತು, ಒಟ್ಟು 1.63 ಲಕ್ಷ.

2025ರ ಜಿಎಸ್‌ಟಿ ಇಳಿಕೆ ಈ ಗೆರೆಯ ಮೇಲೂ ಪರಿಣಾಮ ಬೀರಿತು. ಸಣ್ಣ ಪೆಟ್ರೋಲ್ ಕಾರಿನ ತೆರಿಗೆ ಉಪಕರ ಸೇರಿ ಶೇ. 29ರಿಂದ ಶೇ. 18ಕ್ಕೆ ಇಳಿದಾಗ, ಪೂರ್ಣ ಲಾಭ ಗ್ರಾಹಕರಿಗೆ ದಾಟಿದ್ದರೆ, ಹಿಂದೆ 10.90 ಲಕ್ಷ ರೂ. ಇದ್ದ ವೇರಿಯಂಟ್ ಕೂಡ ಹತ್ತು ಲಕ್ಷದೊಳಕ್ಕೆ ಬರುತ್ತದೆ. ಅಂದರೆ ಅಂಥ ವೇರಿಯಂಟಿನ ಮೇಲೆ ಕೇಂದ್ರದ ತೆರಿಗೆಯ ಜೊತೆಗೆ ರಾಜ್ಯದ ತೆರಿಗೆಯೂ ಒಂದು ಮೆಟ್ಟಿಲು ಇಳಿಯಿತು. ಎರಡು ವರ್ಷ ಹಿಂದೆ "ನಮಗೆ ಎಟುಕದು" ಎಂದು ಬಿಟ್ಟಿದ್ದ ವೇರಿಯಂಟನ್ನು ಮತ್ತೊಮ್ಮೆ ಲೆಕ್ಕ ಹಾಕಿ ನೋಡುವುದು ಒಳಿತು.

ಎರಡು ಎಂಜಿನ್, ಎರಡು ಸ್ವಭಾವ

ಈಗ ಎಂಜಿನ್ನಿಗೆ ಬರೋಣ. 1.2 ಲೀಟರ್‌ನದು ನಾಲ್ಕು ಸಿಲಿಂಡರುಗಳ, ಟರ್ಬೊ ಇಲ್ಲದ ಎಂಜಿನ್. 6000 ಆರ್‌ಪಿಎಂ ವೇಗದಲ್ಲಿ ಸುಮಾರು 90 ಅಶ್ವಶಕ್ತಿ, 4400 ಆರ್‌ಪಿಎಂನಲ್ಲಿ 113 ನ್ಯೂಟನ್ ಮೀಟರ್ ಟಾರ್ಕ್. 1.0 ಲೀಟರ್‌ನ ಬೂಸ್ಟರ್‌ಜೆಟ್ ಮೂರು ಸಿಲಿಂಡರಿನದು. ಟರ್ಬೊ ಹಾಗೂ ನೇರ ಇಂಧನ ಸಿಂಪರಣೆಯ ನೆರವಿನಿಂದ 100 ಅಶ್ವಶಕ್ತಿ, 147.6 ನ್ಯೂಟನ್ ಮೀಟರ್ ಟಾರ್ಕ್ ಕೊಡುತ್ತದೆ.

ಅಶ್ವಶಕ್ತಿಯಲ್ಲಿ ಹತ್ತರ ಅಂತರವೇ ಎಂದು ಕೇಳಬಹುದು. ಇಲ್ಲಿ ನೋಡಬೇಕಾದದ್ದು ಟಾರ್ಕನ್ನು, ಅದಕ್ಕಿಂತ ಹೆಚ್ಚಾಗಿ ಅದು ಯಾವ ಆರ್‌ಪಿಎಂನಲ್ಲಿ ಸಿಗುತ್ತದೆ ಎಂಬುದನ್ನು. ಟರ್ಬೊ ಎಂಜಿನ್ನಿನಲ್ಲಿ ಪೂರ್ಣ ಟಾರ್ಕ್ 2000 ಆರ್‌ಪಿಎಂಗೇ ಸಿದ್ಧವಾಗಿ 4500ರವರೆಗೂ ಉಳಿಯುತ್ತದೆ. ಸಾಧಾರಣ ಎಂಜಿನ್ ಆ ಮಟ್ಟಕ್ಕೆ ಏರಲು ಗೇರು ಇಳಿಸಿ, ಆಕ್ಸಿಲರೇಟರ್ ಅದುಮಿ, ಎಂಜಿನ್ ಕೂಗುವಂತೆ ಮಾಡಬೇಕು. ಶಿರಾಡಿ ಘಾಟಿಯಲ್ಲಿ ಲಾರಿಯ ಹಿಂದೆ ಸಿಲುಕಿ, ಐದು ಜನ ಹಾಗೂ ಡಿಕ್ಕಿ ತುಂಬ ಸಾಮಾನು ಹೊತ್ತು, ಎಸಿ ಹಾಕಿಕೊಂಡು ಏರುತ್ತಿರುವಾಗ ಎದುರಿನಿಂದ ದೊರೆತ ಸಣ್ಣ ಬಿಡುವಿನಲ್ಲಿ ಹಿಂದಿಕ್ಕಬೇಕೆಂದರೆ ಈ ವ್ಯತ್ಯಾಸ ಕೇವಲ ಸುಖದ ವಿಷಯವಾಗಿ ಉಳಿಯುವುದಿಲ್ಲ, ಸುರಕ್ಷತೆಯ ವಿಷಯವಾಗುತ್ತದೆ.

ಮೋಟಾರು ಪತ್ರಿಕೆಗಳು ಅಪರೂಪಕ್ಕೆ ಹೇಳುವ ಇನ್ನೊಂದು ಅಂಶವಿದೆ. ಸಮುದ್ರ ಮಟ್ಟದಿಂದ ಪ್ರತಿ ನೂರು ಮೀಟರ್ ಏರಿದಂತೆ, ಗಾಳಿ ತೆಳುವಾಗುವ ಕಾರಣ, ಟರ್ಬೊ ಇಲ್ಲದ ಎಂಜಿನ್ ಸರಿಸುಮಾರು ಶೇ. 1ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ಬೆಂಗಳೂರು ಸುಮಾರು 900 ಮೀಟರ್ ಎತ್ತರದಲ್ಲಿದೆ. ಮಂಗಳೂರಿನಲ್ಲಿ 90 ಅಶ್ವಶಕ್ತಿ ನೀಡುವ ಎಂಜಿನ್ ಬೆಂಗಳೂರಿನಲ್ಲಿ 82ರ ಆಸುಪಾಸಿಗೆ ಇಳಿದಿರುತ್ತದೆ; ಮಡಿಕೇರಿಯಲ್ಲಿ ಇನ್ನೂ ಕಡಿಮೆ. ಟರ್ಬೊ ಎಂಜಿನ್ ಗಾಳಿಯನ್ನು ಒತ್ತಿ ತುಂಬಿಸಿಕೊಳ್ಳುವುದರಿಂದ ಈ ನಷ್ಟವನ್ನು ಬಹುಮಟ್ಟಿಗೆ ಸರಿದೂಗಿಸಿಕೊಳ್ಳುತ್ತದೆ. ಕಾಗದದ ಮೇಲೆ ಹತ್ತು ಅಶ್ವಶಕ್ತಿಯಷ್ಟಿದ್ದ ಅಂತರ ನಮ್ಮ ಪ್ರಸ್ಥಭೂಮಿಯಲ್ಲಿ ಹೆಚ್ಚಾಗುವುದು ಹೀಗೆ.

ಹಾಗೆಂದು ಎಲ್ಲರಿಗೂ ಟರ್ಬೊ ಬೇಕೆಂದಲ್ಲ. ಅದರ ಬಲ 2000 ಆರ್‌ಪಿಎಂ ದಾಟಿದ ಮೇಲೆ ಕಾಣುವಂಥದ್ದು. ಬೆಳಗ್ಗೆ ಹೆಬ್ಬಾಳದಲ್ಲೂ ಸಂಜೆ ಸಿಲ್ಕ್ ಬೋರ್ಡ್‌ನಲ್ಲೂ ಮೊದಲ ಮತ್ತು ಎರಡನೇ ಗೇರಿನ ನಡುವೆಯೇ ತೆವಳುವ ಕಾರಿಗೆ ಆ ಬಲ ಒದಗುವ ಸಂದರ್ಭವೇ ಕಡಿಮೆ. ಅಂಥಲ್ಲಿ ನಾಲ್ಕು ಸಿಲಿಂಡರಿನ 1.2 ಎಂಜಿನ್ನಿನ ಮೃದುತ್ವ, ಕಡಿಮೆ ಕಂಪನ, ಸರಳ ರಚನೆ ಇವೇ ಹೆಚ್ಚು ಹಿತ. ಟರ್ಬೊ, ಅಧಿಕ ಒತ್ತಡದ ಇಂಧನ ಪಂಪ್, ನೇರ ಸಿಂಪರಣೆಯ ಇಂಜೆಕ್ಟರ್‌ಗಳು ಇವೆಲ್ಲ ವಾರಂಟಿ ಮುಗಿದ ಬಳಿಕ ದುಬಾರಿ ಬಿಡಿಭಾಗಗಳು. ಹತ್ತು ವರ್ಷ ಕಾರು ಇಟ್ಟುಕೊಳ್ಳುವ ಉದ್ದೇಶವಿದ್ದವರು, ಎಂಜಿನ್ ಆಯಿಲ್ ಬದಲಾವಣೆಯನ್ನು ಮುಂದೂಡುವ ಅಭ್ಯಾಸವಿದ್ದವರು ಈ ಮಾತನ್ನು ಗಮನದಲ್ಲಿಡಬೇಕು.

ಬಿಡುಗಡೆಯ ಬೆಲೆಪಟ್ಟಿಯಲ್ಲಿ ಡೆಲ್ಟಾ ಪ್ಲಸ್ 1.2ಕ್ಕೆ 8.72 ಲಕ್ಷ, ಅದೇ ದರ್ಜೆಯ ಟರ್ಬೊಗೆ 9.72 ಲಕ್ಷ ರೂ. ಇತ್ತು. ಸರಿಯಾಗಿ ಒಂದು ಲಕ್ಷದ ಅಂತರ. ತೆರಿಗೆ ಸೇರಿ 1.15 ಲಕ್ಷ. ಪ್ರಮಾಣೀಕೃತ ಮೈಲೇಜ್ 1.2ಕ್ಕೆ ಲೀಟರಿಗೆ 21.79 ಕಿ.ಮೀ., ಟರ್ಬೊಗೆ 21.5 ಕಿ.ಮೀ. ಪ್ರಯೋಗಾಲಯದಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ. ರಸ್ತೆಯಲ್ಲಿ ಮಾತ್ರ ಟರ್ಬೊದ ಮೈಲೇಜ್ ಚಾಲಕನ ಕಾಲಿನ ಮೇಲೆ ನಿಂತಿದೆ. ಬಲ ಬಳಸಿದಷ್ಟೂ ಪೆಟ್ರೋಲ್ ಕುಡಿಯುತ್ತದೆ. ಈಗ ಎಲ್ಲೆಡೆ ಸಿಗುತ್ತಿರುವುದು ಶೇ. 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲ್. ಲೀಟರೊಂದಕ್ಕೆ ಎಥೆನಾಲ್‌ನಲ್ಲಿರುವ ಶಕ್ತಿ ಪೆಟ್ರೋಲ್‌ಗಿಂತ ಸುಮಾರು ಮೂರನೇ ಒಂದರಷ್ಟು ಕಡಿಮೆ. ಆದ್ದರಿಂದ ಕೈಪಿಡಿಯ ಅಂಕಿಯನ್ನು ಎರಡೂ ಎಂಜಿನ್‌ಗಳಲ್ಲಿ ನಂಬಿ ಕೂರುವಂತಿಲ್ಲ.

ಒಂದು ವಿಚಿತ್ರವನ್ನೂ ಇಲ್ಲೇ ಹೇಳಬೇಕು. ಥರ್ಡ್ ಪಾರ್ಟಿ ವಿಮೆಯ ದರ ನಿಗದಿಯಾಗುವುದು ಸಿಸಿ ಆಧಾರದಲ್ಲಿ. 2022ರ ಜೂನ್‌ನಲ್ಲಿ ಜಾರಿಯಾದ ದರಪಟ್ಟಿಯಂತೆ ಹೊಸ ಕಾರಿನ ಮೂರು ವರ್ಷದ ಕಂತು 1000 ಸಿಸಿವರೆಗೆ 6,521 ರೂ.; 1000ದಿಂದ 1500 ಸಿಸಿವರೆಗೆ 10,640 ರೂ. ಹೆಚ್ಚು ಶಕ್ತಿಯ, ಹೆಚ್ಚು ಬೆಲೆಯ ಟರ್ಬೊ ಕಾರಿಗೆ ಈ ವಿಮೆ ಅಗ್ಗ! ಕಾರಿನ ಬೆಲೆಯ ಆಧಾರದ ಸ್ವಂತ ಹಾನಿ ವಿಮೆಯಲ್ಲಿ ಈ ಉಳಿತಾಯದ ಒಂದು ಭಾಗ ಮತ್ತೆ ಹೊರಟುಹೋಗುತ್ತದೆನ್ನಿ.

ಎಡಗಾಲಿಗೆ ವಿಶ್ರಾಂತಿ ಬೇಕೇ?

ಮಹಾನಗರದಲ್ಲಿ ದಿನಕ್ಕೆರಡು ಗಂಟೆ ಸ್ಟಿಯರಿಂಗ್ ಹಿಡಿಯುವವರಿಗೆ ಎಂಜಿನ್‌ಗಿಂತ ಗೇರ್‌ಬಾಕ್ಸ್ ಹೆಚ್ಚು ಮುಖ್ಯ ಎಂಬುದು ಈ ವರದಿಗಾರನ ಅಭಿಪ್ರಾಯ. ಮಂಡಿನೋವಿರುವವರನ್ನು ಕೇಳಿದರೆ ಇದು ಅಭಿಪ್ರಾಯವಲ್ಲ, ಸತ್ಯವೆಂದೇ ಹೇಳಿಯಾರು.

ಫ್ರಾಂಕ್ಸ್‌ನಲ್ಲಿ ಎರಡು ಬಗೆಯ ಕ್ಲಚ್‌ರಹಿತ ಚಾಲನೆಯಿದೆ. 1.2 ಎಂಜಿನ್ನಿಗೆ ಎಎಂಟಿ; ಟರ್ಬೊಗೆ ಆರು ಗೇರಿನ ಟಾರ್ಕ್ ಕನ್ವರ್ಟರ್ ಆಟೋಮ್ಯಾಟಿಕ್. ಹೆಸರಿನಲ್ಲಿ ಎರಡೂ ಆಟೋಮ್ಯಾಟಿಕ್ ಆದರೂ ಒಳಗಿನ ರಚನೆ ಪೂರ್ತಿ ಬೇರೆ. ಎಎಂಟಿಯಲ್ಲಿರುವುದು ಮಾಮೂಲಿ ಗೇರ್‌ಬಾಕ್ಸೇ. ನಾವು ಕಾಲಲ್ಲಿ ಒತ್ತುವ ಕ್ಲಚ್ಚನ್ನು, ಕೈಯಲ್ಲಿ ಬದಲಿಸುವ ಗೇರನ್ನು ಅಲ್ಲಿ ಯಂತ್ರವೊಂದು ನಿರ್ವಹಿಸುತ್ತದೆ. ಹೀಗಾಗಿ ಅಗ್ಗ, ಮೈಲೇಜ್ ಕೂಡ ನಷ್ಟವಾಗುವುದಿಲ್ಲ, ಪ್ರಮಾಣೀಕೃತ ಅಂಕಿ ಲೀಟರಿಗೆ 22.89 ಕಿ.ಮೀ. ಇದ್ದು ಮ್ಯಾನ್ಯುಯಲ್‌ಗಿಂತಲೂ ಮೇಲು. ಆದರೆ ಗೇರು ಬದಲಾಗುವಾಗ ಕಾರು ಕ್ಷಣಕಾಲ ತಡವರಿಸುತ್ತದೆ. ನಗರದ ನಿಧಾನಗತಿಯಲ್ಲಿ ಅಭ್ಯಾಸವಾಗಿಬಿಡುವ ಈ ತಡವರಿಕೆ, ಹೆದ್ದಾರಿಯಲ್ಲಿ ಹಿಂದಿಕ್ಕುವಾಗ ಕಿರಿಕಿರಿ ತರುತ್ತದೆ. ಏರಿನಲ್ಲಿ ನಿಲ್ಲಿಸಿ ಹೊರಡುವಾಗ ಕಾರು ಹಿಂದಕ್ಕೆ ಜಾರದಂತೆ ತಡೆಯುವ ಹಿಲ್ ಹೋಲ್ಡ್ ವ್ಯವಸ್ಥೆ ಎಲ್ಲ ವೇರಿಯಂಟ್‌ಗಳಲ್ಲೂ ಇರುವುದು ಸಮಾಧಾನದ ಸಂಗತಿ. ಎಎಂಟಿ ಕೊಳ್ಳುವವರು ಬೇರೆ ಕಾರನ್ನು ನೋಡುತ್ತಿದ್ದರೂ ಈ ಒಂದನ್ನು ತಪ್ಪದೆ ಕೇಳಬೇಕು.

ಟಾರ್ಕ್ ಕನ್ವರ್ಟರ್‌ನಲ್ಲಿ ಕ್ಲಚ್ಚಿನ ಬದಲು ತೈಲದ ಮೂಲಕ ಶಕ್ತಿ ಹರಿಯುತ್ತದೆ. ಚಲನೆ ನಯವಾಗಿರುತ್ತದೆ, ದಟ್ಟಣೆಯಲ್ಲಿ ಸವೆಯುವ ಕ್ಲಚ್ ಪ್ಲೇಟಿನ ಚಿಂತೆಯಿಲ್ಲ. ಬೆಲೆ ಮಾತ್ರ ಕಣ್ಣು ಕುಕ್ಕುವಂಥದ್ದು. ಬಿಡುಗಡೆಯಾದಾಗ ಎಎಂಟಿಗೆ ಮ್ಯಾನ್ಯುಯಲ್‌ಗಿಂತ 55 ಸಾವಿರ ಹೆಚ್ಚಿದ್ದರೆ, ಈ ಗೇರ್‌ಬಾಕ್ಸಿಗೆ ಒಂದೂವರೆ ಲಕ್ಷ ಹೆಚ್ಚಿತ್ತು. ತೆರಿಗೆ ಸೇರಿದರೆ ಮೊದಲನೆಯದಕ್ಕೆ 63 ಸಾವಿರ, ಎರಡನೆಯದಕ್ಕೆ 1.78 ಲಕ್ಷ. ಮೈಲೇಜ್ ಲೀಟರಿಗೆ 20.01 ಕಿ.ಮೀ.ಗೆ ಇಳಿಯುತ್ತದೆ.

ವೆನ್ಯೂ, ಸೋನೆಟ್‌ಗಳ ಟರ್ಬೊ ಪೆಟ್ರೋಲ್ ಎಂಜಿನ್ನಿನೊಂದಿಗೆ ಬರುವುದು ಮೂರನೆಯ ಬಗೆ, ಎರಡು ಕ್ಲಚ್ಚುಗಳ ಡಿಸಿಟಿ. ಗೇರು ಬದಲಾದದ್ದೇ ತಿಳಿಯದಷ್ಟು ಚುರುಕು. ಆದರೆ ತೈಲದಲ್ಲಿ ಮುಳುಗಿರದ ಒಣ ಕ್ಲಚ್ಚಿನ ಡಿಸಿಟಿಗಳಿಗೆ ಇಂಚಿಂಚಾಗಿ ತೆವಳುವ ದಟ್ಟಣೆ ಹಿಡಿಸದು, ಬಿಸಿಯೇರುತ್ತವೆ. ಅಂಥ ಕಾರು ಕೊಂಡವರು ಮುಂದಿನ ಕಾರು ತುಸು ದೂರ ಸರಿದ ಮೇಲೆ ಮುಂದುವರಿಯುವ ಅಭ್ಯಾಸ ಮಾಡಿಕೊಳ್ಳಬೇಕು. ಬೆಂಗಳೂರಿನಲ್ಲಿ ಆ ಜಾಗಕ್ಕೆ ಆಟೋ ನುಗ್ಗುತ್ತದೆಂಬುದು ಬೇರೆ ಮಾತು.

ಸಿಎನ್‌ಜಿ ಮತ್ತು ಡೀಸೆಲ್ ಲೆಕ್ಕ

ಸಿಎನ್‌ಜಿ ವೇರಿಯಂಟ್ 1.2 ಎಂಜಿನ್ನಿನದೇ ರೂಪಾಂತರ. ಅನಿಲದಲ್ಲಿ ಓಡುವಾಗ ಶಕ್ತಿ 77.5 ಅಶ್ವಶಕ್ತಿಗೆ, ಟಾರ್ಕ್ 98.5ಕ್ಕೆ ಇಳಿಯುತ್ತದೆ. 2023ರ ಜುಲೈನಲ್ಲಿ ಬಂದಾಗ ಪೆಟ್ರೋಲ್ ಸಿಗ್ಮಾಗಿಂತ 95 ಸಾವಿರ ರೂ. ಹೆಚ್ಚಿತ್ತು, ತೆರಿಗೆ ಸೇರಿ 1.10 ಲಕ್ಷ. ಪೆಟ್ರೋಲ್ ಲೀಟರಿಗೆ 103 ರೂ., ಸಿಎನ್‌ಜಿ ಕಿಲೋಗೆ 90 ರೂ. ಎಂದಿಟ್ಟುಕೊಳ್ಳೋಣ. ರಸ್ತೆಯಲ್ಲಿ ನಿಜಕ್ಕೂ ಸಿಗುವ ಮೈಲೇಜ್ ಪೆಟ್ರೋಲಿಗೆ 15, ಸಿಎನ್‌ಜಿಗೆ 22 ಎಂದು ಹಿಡಿದರೆ, ವರ್ಷಕ್ಕೆ 12 ಸಾವಿರ ಕಿ.ಮೀ. ಓಡಿಸುವವರಿಗೆ ಸುಮಾರು 33 ಸಾವಿರ ರೂ. ಉಳಿತಾಯ. ಹಾಕಿದ ಹಣ ಹಿಂದಿರುಗಲು ಮೂರು ವರ್ಷ ನಾಲ್ಕು ತಿಂಗಳು ಬೇಕು. ಭಾನುವಾರದ ದೇವಸ್ಥಾನ, ತಿಂಗಳಿಗೊಮ್ಮೆ ಊರು ಎಂದು ವರ್ಷಕ್ಕೆ 6 ಸಾವಿರ ಕಿ.ಮೀ. ಓಡಿಸುವವರು ಆರೂವರೆ ವರ್ಷ ಕಾಯಬೇಕು. ಅಷ್ಟರಲ್ಲಿ ಅನೇಕರು ಕಾರನ್ನೇ ಬದಲಿಸಿರುತ್ತಾರೆ.

ಅದಲ್ಲದೆ ಡಿಕ್ಕಿಯ ಬಹುಭಾಗವನ್ನು ಸಿಲಿಂಡರ್ ನುಂಗುತ್ತದೆ. ಟಾಟಾ ಹಾಗೂ ಹ್ಯುಂಡೈ ಕಂಪನಿಗಳು ಒಂದು ದೊಡ್ಡ ಸಿಲಿಂಡರಿನ ಬದಲು ಎರಡು ಚಿಕ್ಕವನ್ನು ಕೆಳಗೆ ಅಳವಡಿಸಿ ಈ ಸಮಸ್ಯೆಗೆ ಉತ್ತರ ಹುಡುಕಿವೆ. 2024ರಲ್ಲಿ ಬಂದ ನೆಕ್ಸಾನ್ ಸಿಎನ್‌ಜಿ ಟರ್ಬೊ ಎಂಜಿನ್ನಿನದಾದ್ದರಿಂದ ಅನಿಲದಲ್ಲೂ 100 ಅಶ್ವಶಕ್ತಿ ಕೊಡುತ್ತದೆ. ಬಂಕ್ ಎಷ್ಟು ದೂರದಲ್ಲಿದೆ, ಸರದಿ ಎಷ್ಟು ಉದ್ದ ಎಂಬುದನ್ನು ಬುಕಿಂಗ್‌ಗೆ ಮುನ್ನ ಒಂದು ಸಂಜೆ ಖುದ್ದಾಗಿ ಹೋಗಿ ನೋಡಿಬರುವುದು ಕ್ಷೇಮ.

ಡೀಸೆಲ್ ಫ್ರಾಂಕ್ಸ್‌ನಲ್ಲಿ ಇಲ್ಲ. ಬಿಎಸ್‌6 ನಿಯಮ ಜಾರಿಯಾದ 2020ರ ಏಪ್ರಿಲ್‌ನಿಂದ ಮಾರುತಿ ಡೀಸೆಲ್ ಕಾರುಗಳನ್ನೇ ಕೈಬಿಟ್ಟಿತು. ವರ್ಷಕ್ಕೆ ಇಪ್ಪತ್ತು ಸಾವಿರ ಕಿ.ಮೀ.ಗೂ ಹೆಚ್ಚು, ಅದರಲ್ಲೂ ಹುಬ್ಬಳ್ಳಿ, ಬೆಳಗಾವಿ, ಕಲಬುರಗಿಯಂಥ ದೂರದ ಊರುಗಳಿಗೆ ಓಡಾಡುವವರು ನೆಕ್ಸಾನ್, ಸೋನೆಟ್, ವೆನ್ಯೂ, 3ಎಕ್ಸ್‌ಒಗಳ 1.5 ಲೀಟರ್ ಡೀಸೆಲ್ ನೋಡಬಹುದು. 250ರಿಂದ 300 ನ್ಯೂಟನ್ ಮೀಟರ್ ಟಾರ್ಕ್ ಹೊಂದಿರುವ ಅವುಗಳ ಎಳೆತವೇ ಬೇರೆ. ಮನೆಯಿಂದ ಮೂರು ಕಿ.ಮೀ. ದೂರದ ಕಚೇರಿಗಷ್ಟೇ ಹೋಗುವವರಿಗೆ ಡೀಸೆಲ್ ಸಲ್ಲ. ಹೊಗೆಯ ಮಸಿಯನ್ನು ಹಿಡಿದಿಡುವ ಫಿಲ್ಟರ್ ತನ್ನನ್ನು ತಾನೇ ಸುಟ್ಟು ಶುಚಿಗೊಳಿಸಿಕೊಳ್ಳಲು ಕಾರು ಆಗಾಗ ನಿರಂತರ ವೇಗದಲ್ಲಿ ಓಡಿ ಕಾಯಬೇಕು. ಸದಾ ಸಣ್ಣ ದೂರವೇ ಆದರೆ ಅದು ಕಟ್ಟಿಕೊಂಡು ಕಾರ್ಯಾಗಾರದ ದಾರಿ ಹಿಡಿಸುತ್ತದೆ.

ವೇರಿಯಂಟ್: ಯಾವುದಕ್ಕೆ ಹಣ, ಯಾವುದಕ್ಕೆ ಬೇಡ

ಕಂಪನಿಗಳು ಎಂಜಿನ್ನನ್ನೂ ಸೌಲಭ್ಯವನ್ನೂ ಒಂದಕ್ಕೊಂದು ಗಂಟುಹಾಕಿ ಮಾರುವುದು ಈ ವಿಭಾಗದ ದೊಡ್ಡ ತೊಡಕು. ಬಿಡುಗಡೆಯ ವೇಳೆ ಫ್ರಾಂಕ್ಸ್‌ನ 1.2 ಎಂಜಿನ್ ಸಿಗ್ಮಾ, ಡೆಲ್ಟಾ, ಡೆಲ್ಟಾ ಪ್ಲಸ್‌ಗಳಲ್ಲಿ ಮಾತ್ರ ಇತ್ತು. ಆರು ಏರ್‌ಬ್ಯಾಗ್ ಇದ್ದದ್ದು ಝೀಟಾ ಮತ್ತು ಆಲ್ಫಾದಲ್ಲಿ. ಅವೆರಡಕ್ಕೂ ಟರ್ಬೊ ಕಡ್ಡಾಯ. ಅಂದರೆ ಸಾಧಾರಣ ಎಂಜಿನ್ ಸಾಕು, ಆದರೆ ಮಕ್ಕಳಿರುವ ಮನೆಗೆ ಆರು ಏರ್‌ಬ್ಯಾಗ್ ಬೇಕು ಎನ್ನುವವರು ಬೇಡದ ಟರ್ಬೊಗೆ ಹಣ ಕೊಟ್ಟು, ಹತ್ತು ಲಕ್ಷದ ಗೆರೆಯನ್ನೂ ದಾಟಿ, ಹೆಚ್ಚಿನ ರಸ್ತೆ ತೆರಿಗೆಯನ್ನೂ ಕಟ್ಟಬೇಕಿತ್ತು. ಜೀವರಕ್ಷಕ ಸಾಧನವನ್ನು ಅಲಂಕಾರದ ಸಾಲಿಗೆ ಸೇರಿಸಿ ಮಾರಿದ ಈ ಕ್ರಮ ಅಂದೂ ಒಪ್ಪತಕ್ಕದ್ದಾಗಿರಲಿಲ್ಲ. 2025ರಲ್ಲಿ ಕಂಪನಿ ಎಲ್ಲ ವೇರಿಯಂಟ್‌ಗಳಿಗೂ ಆರು ಏರ್‌ಬ್ಯಾಗ್ ನೀಡಿದ ಮೇಲೆ ಆ ಗಂಟು ಬಿಚ್ಚಿತು, ಕೆಳಗಿನ ವೇರಿಯಂಟ್‌ಗಳ ಮೌಲ್ಯವೂ ಹೆಚ್ಚಿತು. ಬೇರೆ ಕಾರು ನೋಡುವವರು ಈ ಬಗೆಯ ಗಂಟು ಎಲ್ಲಿದೆಯೆಂದು ಮೊದಲು ಹುಡುಕಬೇಕು.

ಏರ್‌ಬ್ಯಾಗ್ ಎಣಿಕೆಯೇ ಸುರಕ್ಷತೆಯಲ್ಲ ಎಂಬುದನ್ನೂ ಮರೆಯಬಾರದು. ಇದೇ ಫ್ರಾಂಕ್ಸ್‌ಗೆ 2025ರಲ್ಲಿ ಆಸಿಯಾನ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ಐದು ನಕ್ಷತ್ರ ದೊರೆಯಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಆಸ್ಟ್ರೇಲಿಯಾದ ಎಎನ್‌ಕ್ಯಾಪ್, ಪರೀಕ್ಷೆಯ ವೇಳೆ ಹಿಂಬದಿಯ ಸೀಟ್ ಬೆಲ್ಟ್ ವಿಫಲವಾದ ಪ್ರಕರಣದೊಂದಿಗೆ, ಒಂದೇ ನಕ್ಷತ್ರ ನೀಡಿತು. ಪರೀಕ್ಷಾ ನಿಯಮಗಳು ಬೇರೆ, ಆಯಾ ಮಾರುಕಟ್ಟೆಯ ಕಾರಿನ ಸಾಧನಗಳೂ ಬೇರೆ. ಆದರೆ ಕಾರಿನ ಮೂಲ ರಚನೆಯನ್ನು ಮೇಲಿನ ವೇರಿಯಂಟ್ ಕೊಂಡು ಬದಲಿಸಲಾಗದು ಎಂಬುದಕ್ಕೆ ಇದು ಸಾಕ್ಷಿ. 2023ರ ಅಕ್ಟೋಬರ್‌ನಲ್ಲಿ ಆರಂಭವಾದ ಭಾರತ್ ಎನ್‌ಕ್ಯಾಪ್‌ನಲ್ಲಿ ನೆಕ್ಸಾನ್, 3ಎಕ್ಸ್‌ಒ, ಕೈಲಾಕ್ ಐದು ನಕ್ಷತ್ರ ಪಡೆದಿವೆ. ಸುರಕ್ಷತೆಯೇ ಮೊದಲ ಮಾನದಂಡವಾದವರು ವೇರಿಯಂಟಿನ ಚರ್ಚೆಗೂ ಮುನ್ನ ಮಾದರಿಯನ್ನೇ ಮರುಪರಿಶೀಲಿಸಬೇಕಾದೀತು.

ಉಳಿದ ಸೌಲಭ್ಯಗಳ ವಿಷಯದಲ್ಲಿ ಒಂದು ಸರಳ ಸೂತ್ರ: ಆಮೇಲೆ ಹೊರಗೆ ಹಾಕಿಸಿಕೊಳ್ಳಬಹುದಾದದ್ದಕ್ಕೆ ಮೇಲಿನ ವೇರಿಯಂಟ್ ಕೊಳ್ಳಬೇಡಿ. ಟಚ್‌ಸ್ಕ್ರೀನ್, ರಿವರ್ಸ್ ಕ್ಯಾಮೆರಾ, ಸೀಟ್ ಕವರ್, ಅಲಾಯ್ ವೀಲ್ ಇವೆಲ್ಲ ಜೆ.ಸಿ. ರಸ್ತೆಯಲ್ಲಿ ದೊರೆಯುವಂಥವು. ವೈರ್ ಕತ್ತರಿಸಿ ಜೋಡಿಸಿದರೆ ವಾರಂಟಿಗೆ ತೊಡಕಾದೀತೆಂಬ ಎಚ್ಚರವಿರಲಿ. ಹೊರಗೆ ಹಾಕಿಸಲಾಗದವು ಬೇರೆ ಇವೆ: ಎತ್ತರ ಹೊಂದಿಸಬಹುದಾದ ಚಾಲಕನ ಆಸನ, ಹಿಂಬದಿಗೆ ಎಸಿ ಗಾಳಿಕಿಂಡಿ, ಹಿಂದಿನ ಗಾಜಿನ ವೈಪರ್. ಮಲೆನಾಡಿನ ಮಳೆಯಲ್ಲಿ ಹಿಂದಿನ ವೈಪರ್ ಇಲ್ಲದ ಕಾರನ್ನು ಓಡಿಸಿದವರಿಗೆ ಅದರ ಬೆಲೆ ಗೊತ್ತು. ಆಲ್ಫಾದ 360 ಡಿಗ್ರಿ ಕ್ಯಾಮೆರಾ ಹಾಗೂ ಗಾಜಿನ ಮೇಲೆ ವೇಗ ತೋರಿಸುವ ಹೆಡ್-ಅಪ್ ಡಿಸ್‌ಪ್ಲೇ ನೋಡಲು ಚೆಂದ. ಇಕ್ಕಟ್ಟಾದ ಪಾರ್ಕಿಂಗ್ ಇರುವ ಅಪಾರ್ಟ್‌ಮೆಂಟ್ ನಿವಾಸಿಗಳಿಗೆ ಕ್ಯಾಮೆರಾ ಉಪಯುಕ್ತವೂ ಹೌದು. ಅವೆರಡಕ್ಕಾಗಿಯೇ ಲಕ್ಷ ರೂಪಾಯಿ ಸೇರಿಸುವುದು ಮಾತ್ರ ಅನಗತ್ಯವೆನಿಸುತ್ತದೆ.

ಹಾಗಾದರೆ ಯಾರಿಗೆ ಯಾವುದು? ನಗರದೊಳಗಿನ ಓಡಾಟವೇ ಹೆಚ್ಚಿರುವ, ವರ್ಷಕ್ಕೆ ಹತ್ತು ಸಾವಿರ ಕಿ.ಮೀ. ದಾಟದ ಕುಟುಂಬಕ್ಕೆ 1.2 ಎಂಜಿನ್, ಮಧ್ಯಮ ದರ್ಜೆಯ ವೇರಿಯಂಟ್, ಸಾಧ್ಯವಾದರೆ ಎಎಂಟಿ. ಪ್ರತಿ ವಾರ ಘಾಟಿ ಇಳಿದು ಹತ್ತುವವರಿಗೆ, ತುಂಬಿದ ಕಾರಿನಲ್ಲಿ ಹೆದ್ದಾರಿ ಹಿಡಿಯುವವರಿಗೆ ಟರ್ಬೊ. ಆದರೆ ಅದು ಸಿಗುವ ಅತಿ ಕೆಳಗಿನ ವೇರಿಯಂಟಿನಲ್ಲಿ. ಟರ್ಬೊ ಆಟೋಮ್ಯಾಟಿಕ್ ನಿಜಕ್ಕೂ ಸೊಗಸಾದ ಜೋಡಿ, ಆದರೆ ಅದರ ಆನ್-ರೋಡ್ ಬೆಲೆಗೆ ಒಂದು ಮೆಟ್ಟಿಲು ಮೇಲಿನ ದೊಡ್ಡ ಕಾರುಗಳೂ ಎದುರಾಗುತ್ತವೆ. ಇದೇ ಕಾರು 2024ರ ಏಪ್ರಿಲ್‌ನಿಂದ ಟೊಯೊಟಾ ಟೈಸರ್ ಎಂಬ ಹೆಸರಿನಲ್ಲೂ ಮಾರಾಟವಾಗುತ್ತಿದೆ. ಎಂಜಿನ್ ಅವೇ ಆದರೂ ವೇರಿಯಂಟ್‌ಗಳ ಹಂಚಿಕೆ ಬೇರೆ; ಹೀಗಾಗಿ ಬೇಕಾದ ಜೋಡಿ ಒಂದು ಕಡೆ ಸಿಗದಿದ್ದರೆ ಇನ್ನೊಂದು ಕಡೆ ವಿಚಾರಿಸಬಹುದು.

ಷೋರೂಮಿನಲ್ಲಿ

ಟೆಸ್ಟ್ ಡ್ರೈವ್‌ಗೆ ಸಾಮಾನ್ಯವಾಗಿ ನಿಲ್ಲಿಸಿರುವುದು ಟಾಪ್ ಎಂಡ್ ಟರ್ಬೊ. ಅದನ್ನು ಓಡಿಸಿ 1.2 ಬುಕ್ ಮಾಡಿದವರೂ, 1.2 ಓಡಿಸಿ ಟರ್ಬೊ ಬುಕ್ ಮಾಡಿದವರೂ ನಂತರ ಪೇಚಾಡಿದ್ದುಂಟು. ಕೊಳ್ಳಲಿರುವ ಎಂಜಿನ್-ಗೇರ್‌ಬಾಕ್ಸ್ ಜೋಡಿಯನ್ನೇ ಕೇಳಿ ತರಿಸಿಕೊಳ್ಳಬೇಕು. ಮನೆಯವರೆಲ್ಲ ಕುಳಿತು, ಎಸಿ ಹಾಕಿ, ಹತ್ತಿರದ ಫ್ಲೈಓವರ್‌ನ ಏರಿನಲ್ಲಿ ನಿಲ್ಲಿಸಿ ಹೊರಡಿಸಿ ನೋಡಬೇಕು. ಹಿರಿಯರು ಹಿಂದಿನ ಸೀಟಿಗೆ ಹತ್ತಿ ಇಳಿದು ನೋಡಲಿ. ಇಳಿಜಾರು ಚಾವಣಿಯ ಕ್ರಾಸೋವರ್‌ಗಳಲ್ಲಿ ತಲೆಗೆ ತಾಗುವುದು ಅಲ್ಲೇ.

ಕೊಟೇಶನ್ ಪಡೆಯುವಾಗ ಎರಡು ಅಕ್ಕಪಕ್ಕದ ವೇರಿಯಂಟ್‌ಗಳ ಆನ್-ರೋಡ್ ವಿವರವನ್ನು ಬಿಡಿಬಿಡಿಯಾಗಿ ಬರೆಸಿಕೊಳ್ಳಿ: ಎಕ್ಸ್‌-ಷೋರೂಂ, ಜೀವಾವಧಿ ತೆರಿಗೆ, ವಿಮೆ, ಹೆಚ್ಚುವರಿ ವಾರಂಟಿ, ಬಿಡಿ ಪರಿಕರಗಳು. ವಿಮೆಯನ್ನು ಡೀಲರ್ ಬಳಿಯೇ ಮಾಡಿಸಬೇಕೆಂಬ ಕಡ್ಡಾಯವಿಲ್ಲ. ಹೊರಗೆ ದರ ವಿಚಾರಿಸಿ ಆ ಹಾಳೆಯನ್ನು ಮೇಜಿನ ಮೇಲಿಟ್ಟರೆ ಇಲ್ಲಿಯ ದರವೂ ಇಳಿಯುವುದುಂಟು. ಬೇಡದ ಪರಿಕರಗಳ ಪ್ಯಾಕೇಜನ್ನು ಹೊಡೆದುಹಾಕಿಸಿ. ವರ್ಷದ ಕೊನೆಯಲ್ಲಿ ಭಾರಿ ರಿಯಾಯಿತಿ ಕೊಡುತ್ತಿದ್ದರೆ ಕಾರು ತಯಾರಾದ ತಿಂಗಳನ್ನು ಕೇಳಿ. ಜನವರಿಯಾದೊಡನೆ ಅದು ಕಳೆದ ವರ್ಷದ ಕಾರು, ಮಾರುವಾಗ ಕೇಳುವವರು ಅದನ್ನೇ ಕೇಳುತ್ತಾರೆ. ಬೆಲೆ ಏರಿಕೆಯಾದರೆ ಬುಕಿಂಗ್ ದಿನದ ದರವೋ ವಿತರಣೆಯ ದಿನದ ದರವೋ ಎಂಬುದನ್ನು ಬುಕಿಂಗ್ ರಸೀದಿಯಲ್ಲೇ ಬರೆಸಿಕೊಳ್ಳಬೇಕು. ಆಯ್ದ ವೇರಿಯಂಟ್ ಹತ್ತು ಲಕ್ಷಕ್ಕೆ ಐದಾರು ಸಾವಿರ ಕೆಳಗಿದ್ದಲ್ಲಿ ಈ ಒಂದು ಸಾಲು ಮೂವತ್ತೈದು ಸಾವಿರ ರೂಪಾಯಿ ಉಳಿಸೀತು.